ನನ್ನ ಹೆಸರಿದ್ದ ಜಾಗದಲ್ಲಿ ಮೂರು ನಕ್ಷತ್ರ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಸರ್ವರ್ ನಿಂತಿದೆ. ಮತ್ತೆ ಅವಳನ್ನೇ ಕೇಳಬೇಕು. ಡೇಟಾಬೇಸ್ ಪಾಸ್‌ವರ್ಡ್ ಮೊದಲು ಕಾನ್ಫಿಗ್ ಫೈಲಿನಲ್ಲೇ ಬಿದ್ದಿರುತ್ತಿತ್ತು, ಎಲ್ಲರ ಕಣ್ಣಿಗೂ. ಹೊಸಬಳು ಬಂದಳು, ಎತ್ತಿ ಸೀಕ್ರೆಟ್ ವೇರಿಯಬಲ್ ಎಂಬ ಬೀಗ ಹಾಕಿದ ಡಬ್ಬಿಗೆ ಹಾಕಿದಳು. ಈಗ ಫೈಲಿನಲ್ಲಿ ವೇರಿಯಬಲ್‌ನ ಹೆಸರು ಮಾತ್ರ. ಒಳಗಿರುವುದು ಅವಳೊಬ್ಬಳಿಗೇ ಗೊತ್ತು. ಕೆಲಸ ಸರಿಯೇ, ಒಪ್ಪಿದೆ. ಆದರೆ ಈ ಸಿಸ್ಟಮ್ಮಿನ ಗೋಡೆ ಎಬ್ಬಿಸಿದವನು ನಾನು, ಬೀಗದ ಕೈ ನಿನ್ನೆ ಬಂದವಳ ಸೊಂಟದಲ್ಲಿ! ಇದ್ಯಾವ ನ್ಯಾಯ?

"ಏಳ್ಬೇಡಿ ಮೇಷ್ಟ್ರೇ, ನಾನೇ ನೋಡ್ತೀನಿ" ಎಂದಳು. ಆ ನಯ ಬೇರೆ. ಮೈಯೆಲ್ಲ ಉರಿಯಿತು.

ಮಾರ್ಚ್ 4

ಮೀಟಿಂಗ್‌ನಲ್ಲಿ ಬಾಸ್ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಮನೆಗೆ ಬಂದು ಹೆಂಡತಿಯೆದುರು ಶೋಷಣೆ, ಶ್ರಮ ಎಂದೆಲ್ಲ ಗುಡುಗಿದೆ.

"ಹೊಟ್ಟೆಕಿಚ್ಚು ಅಂತ ನೆಟ್ಟಗೆ ಹೇಳ್ರೀ. ಅದಕ್ಯಾಕೆ ಸಿದ್ಧಾಂತ?"



ಮಾರ್ಚ್ 9

ಸಿಕ್ಕಿಬಿದ್ದಳು! ನಾನು ಬರೆದ ಕೋಡ್ ಸರ್ವರಿಗೆ ಹೋದಾಗಲೆಲ್ಲ ಅದರ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, "ಕಳಿಸಿದವರು: ಮೇಷ್ಟ್ರು" ಎಂದು ಬರುತ್ತಿತ್ತು — ಆಫೀಸಿನವರಿಟ್ಟ ಅಡ್ಡಹೆಸರೇ ನನ್ನ ಲಾಗಿನ್. ಇವತ್ತು ಅಲ್ಲಿ ಬರೀ ***. ಉಳಿದವರ ಹೆಸರೆಲ್ಲ ಹಾಗೇ ಇವೆ. ನನ್ನನ್ನೇ ಅಳಿಸಿದ್ದಾಳೆ.

ಬಾಸ್ ಕೋಣೆಗೆ ನುಗ್ಗಿದೆ. ಸಂಘ ಕಟ್ಟಿ ಇದೇ ಬಾಗಿಲೆದುರು ಧಿಕ್ಕಾರ ಕೂಗಿದವನು... ಒಳಗೆ ಹೋಗಿ ಜೊತೆಯವಳ ಮೇಲೆ ದೂರು ಕೊಟ್ಟೆ.

ಬಾಸ್ ಅವಳನ್ನು ಕರೆಸಿದ. ಪರದೆ ನೋಡಿದವಳ ಮುಖ ಬಿಳಿಚಿತು.

"ಅಳಿಸಿಲ್ಲ ಸಾರ್. ಪಾಸ್‌ವರ್ಡ್ ಆಗಿರೋ ಪದ ಲಾಗಲ್ಲಿ ಎಲ್ಲೇ ಬಂದ್ರೂ ಸಿಸ್ಟಮ್ಮೇ ನಕ್ಷತ್ರ ಹಾಕಿ ಮುಚ್ಚುತ್ತೆ."

"ಅಂದ್ರೆ?"

"ನಿನ್ನೆ ಪಾಸ್‌ವರ್ಡ್ ಬದಲಾಯಿಸ್ದೆ... ಮೇಷ್ಟ್ರು ಅಂತ ಇಟ್ಟೆ." ನನ್ನತ್ತ ನೋಡಲಿಲ್ಲ. "ಇವ್ರು ಬರೆದಿದ್ದನ್ನ ಓದೇ ಸಾರ್ ನಾನು ಕೆಲಸ ಕಲ್ತಿದ್ದು."

"ಆಫೀಸಲ್ಲಿ ಯಾರು ಬೇಕಾದ್ರೂ ಊಹಿಸೋ ಪದ! ಸಾಕು, ಐಡಿ ಕಾರ್ಡ್ ಕೊಟ್ಟು ಹೊರಡಮ್ಮ."

ನಾನು ಬಾಯಿ ಬಿಡಲಿಲ್ಲ.

ಮಾರ್ಚ್ 16

ಬೀಗದ ಕೈ ನನ್ನದಾಯಿತು. "ಈಗ ಸಮಾಧಾನಾನಾ ಮೇಷ್ಟ್ರೇ?" — ಬಾಸ್ ನಕ್ಕ. ಪಕ್ಕದ ಕುರ್ಚಿ ಖಾಲಿ.

ಪರದೆ ಹೊಸ ಪಾಸ್‌ವರ್ಡ್ ಕೇಳುತ್ತಿದೆ. ಏನೋ ಹೊಡೆದೆ, ಅಳಿಸಿದೆ. ಮತ್ತೆ ಹೊಡೆದೆ, ಅಳಿಸಿದೆ. ಹೆಸರು ಅಳಿಸಿದಳೆಂದು ಊರೆಲ್ಲ ಕೇಳುವಂತೆ ಕೂಗಿದೆನಲ್ಲ — ಈ ಡೈರಿಯ ಪುಟಗಳನ್ನು ತಿರುವಿ ನೋಡಿದೆ. ಹೊಸಬಳು, ಅವಳು, ನಿನ್ನೆ ಬಂದವಳು. ಒಂದು ಕಡೆಯೂ ಹೆಸರು ಹಿಡಿದು ಬರೆದಿಲ್ಲ. ಇವತ್ತಾದರೂ ಬರೆಯಬೇಕು. ಅವಳ ಹೆಸರು —