ಕುಕ್ಕರ್ ಕೂಗಿದ ಇತಿಹಾಸದ ಪಾಠ

ಬಸವೇಶ್ವರನಗರ
14 ಜುಲೈ 2024, ಭಾನುವಾರ

ಕೆಂಗೇರಿ ಉಪನಗರದಲ್ಲಿ ತಮ್ಮ ತಂಗಿಯ ಮನೆಯಲ್ಲಿ ಬೀಡುಬಿಟ್ಟಿರುವ ನಮ್ಮ ಯಜಮಾನರಿಗೆ, ಜಲಜಾಳ ನಮಸ್ಕಾರ.

ವಾಟ್ಸಾಪ್‌ನಲ್ಲಿ ಬರೆದರೆ ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀರಿ. ಅದಕ್ಕೇ ಈ ಕಾಗದ. ನಾಲ್ಕು ದಿನ ಇದ್ದು ಬರುತ್ತೇನೆಂದು ಸಂಕ್ರಾಂತಿಗೆ ಹೋದವರು, ಈಗ ಆಷಾಢ. ಆಷಾಢಕ್ಕೆ ಹೆಂಡತಿ ತವರಿಗೆ ಹೋಗುವುದನ್ನು ಕೇಳಿದ್ದೇನೆ, ಗಂಡ ಹೋಗಿದ್ದನ್ನು ನಿಮ್ಮಲ್ಲೇ ಕಂಡೆ.

ನೀವು ರಿಟೈರ್ ಆದಿರಿ, ನಾನೂ ಕೆಲಸ ಬಿಡಬೇಕೆಂದು ಹಟ ಹಿಡಿದಿರಿ. ಬಿಡುವುದಿಲ್ಲವೆಂದೆ. 'ಹಾಗಾದ್ರೆ ಆ ಸ್ಕೂಲನ್ನೇ ಕಟ್ಕೊಂಡಿರು' ಅಂತ ಬ್ಯಾಗು ತುಂಬಿದಿರಿ. ಕಟ್ಟಿಕೊಂಡೇ ಇದ್ದೇನೆ, ನೋಡಿ. ಈಗ ಹೆಡ್‌ಮೇಡಂ ಹೊಸದೊಂದನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಾನು ಮನೆಯಲ್ಲೇ ಪಾಠವನ್ನು ವಿಡಿಯೋ ಮಾಡಿ ಗ್ರೂಪಿಗೆ ಹಾಕಬೇಕು, ಮಕ್ಕಳು ಅವರವರ ಮನೆಯಲ್ಲಿ ನೋಡಿಕೊಂಡು ಬರಬೇಕು, ಕ್ಲಾಸಿನಲ್ಲಿ ಬರೀ ಪ್ರಶ್ನೆ, ಚರ್ಚೆ. ಫ್ಲಿಪ್ಡ್ ಕ್ಲಾಸ್‌ರೂಮ್ ಅಂತೆ. ದೋಸೆ ಮಗುಚಿ ಹಾಕಿದ ಹಾಗೆ.

ಎಂಟನೇ ತರಗತಿಗೆ ಕೆಂಪೇಗೌಡರ ಕಾಲದ ಕೆರೆಗಳ ಪಾಠ ಮಾಡಿದೆ. ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿ ಅದರ ಜೊತೆ ಮಾತಾಡಬೇಕು. ಅದು ಆಕಳಿಸುವುದೂ ಇಲ್ಲ, ಹೂಂಗುಟ್ಟುವುದೂ ಇಲ್ಲ. ನಡುವೆ ಕುಕ್ಕರ್ ಕೂಗಿತು. ಎದ್ದು ಹೋಗಿ ಆರಿಸಿ ಬಂದು ಮುಂದುವರಿಸಿದೆ. ಆ ತುಂಡನ್ನು ಕತ್ತರಿಸಲು ಬರಲಿಲ್ಲ, ಹಾಗೇ ಹಾಕಿಬಿಟ್ಟೆ.

ಶುಕ್ರವಾರ ಕ್ಲಾಸಿನಲ್ಲಿ ಮಕ್ಕಳು ಗುಂಪುಗುಂಪಾಗಿ ಟ್ಯಾಬ್‌ನಲ್ಲಿ ಮ್ಯಾಪ್ ತೆರೆದು, ಯಾವ ಬಡಾವಣೆ ಮೊದಲು ಕೆರೆಯಾಗಿತ್ತೆಂದು ಹುಡುಕುತ್ತಿದ್ದವು. ಏನು ಗದ್ದಲ ಅಂತೀರಿ! ನನಗೆ ಹೆಮ್ಮೆಯೋ ಹೆಮ್ಮೆ. ಇನ್ನೇನಾದರೂ ಪ್ರಶ್ನೆ ಇದೆಯಾ ಅಂದೆ. ಹೆಗ್ಗನಹಳ್ಳಿಯಿಂದ ಬರುವ ರಮ್ಯಶ್ರೀ ಎದ್ದು ನಿಂತು, 'ಮಿಸ್, ಕುಕ್ಕರ್ ಕೂಗಿದ್ರೂ ನೀವೇ ಎದ್ದು ಹೋದ್ರಲ್ಲ, ನಿಮ್ಮನೇಲಿ ಯಾರೂ ಇಲ್ವಾ?' ಅಂದಳು.

'ಇದಾರಮ್ಮ, ನಮ್ಮ ಯಜಮಾನ್ರಿಗೆ ಕಿವಿ ಸ್ವಲ್ಪ ಮಂದ' ಅಂದೆ. ಕ್ಲಾಸೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟೆ ರೀ.

ಕೆಲಸ ಮಾತ್ರ ಬಿಡುವುದಿಲ್ಲ. ಅದನ್ನು ಇನ್ನೊಂದು ಸಲ ಕೇಳಬೇಡಿ. ಆದರೆ ಮನೆ ಬಿಕೋ ಎನ್ನುತ್ತಿದೆ, ನನ್ನ ಕೈಲಿ ಆಗುತ್ತಿಲ್ಲ. ಜಗಳವಾಡುವುದಿದ್ದರೆ ಇಲ್ಲೇ ಬಂದು ಆಡಿ. ಮೆಟ್ರೋ ಇದೆ, ಬಸ್ಸಿದೆ, ಏನೂ ನೆಪ ಹೇಳಬೇಡಿ.

ಇಂತಿ ನಿಮ್ಮ ಹಟಮಾರಿ,
ಜಲಜಾ

ತಾ.ಕ.: ಹೆಡ್‌ಮೇಡಂ ತಲೆಗೆ ಕಟ್ಟಿದರೆಂದು ಬರೆದೆನಲ್ಲ, ಅದು ಸುಳ್ಳು. ಯಾರೂ ಹೇಳಿರಲಿಲ್ಲ, ನಾನೇ ಕೇಳಿ ವಹಿಸಿಕೊಂಡೆ. ಸಂಜೆ ಹೊತ್ತು ಈ ಮನೆಯಲ್ಲಿ ನನ್ನದಾದರೂ ಒಂದು ದನಿ ಕೇಳಲಿ ಅಂತ. ಕೆರೆಗಳ ಪಾಠ ಮುಗಿದಿದೆ. ಆದರೂ ನಿನ್ನೆ ಫೋನಿನ ಮುಂದೆ ಕೂತು ಮತ್ತೊಮ್ಮೆ ಅದನ್ನೇ ಮಾಡಿದೆ, ಗ್ರೂಪಿಗೆ ಹಾಕುವುದಕ್ಕಲ್ಲ.