ನೆಲವಿನಿಂದ ಕಪಾಟಿಗೆ ಹೋದ ನೀರುನಾಯಿ

ಜಿಲ್ಲಾ ಶಿಕ್ಷಣ ಕಚೇರಿಯ ಮಾನ್ಯ ನಿರ್ದೇಶಕರೇ,

ನಮ್ಮೂರ ಶಾಲೆಯ ಕಥೆಪುಸ್ತಕಗಳನ್ನೆಲ್ಲ ಕಬ್ಬಿಣದ ಕಪಾಟಿಗೆ ತುಂಬಿಸಿ ಬೀಗ ಹಾಕಿಸಿದ್ದೀರಿ. ‘ಮನೆಗಳಲ್ಲಿ ಪುಸ್ತಕಗಳಿಗೆ ಸೂಕ್ತ ಆರೈಕೆ ಇಲ್ಲದಿರುವುದರಿಂದ ಮುಂದಿನ ಆದೇಶದವರೆಗೆ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ’ ಎಂಬ ನಿಮ್ಮ ಆದೇಶ ಶಾಲೆಯ ಬಾಗಿಲಿಗೆ ಅಂಟಿಕೊಂಡಿದೆ. ಮಕ್ಕಳಿಗೆ ಓದಲು ಈಗ ಸಿಗುವುದು ಅದೊಂದೇ. ಈ ಪತ್ರವನ್ನು ನಿಮಗೆ ಕಳುಹಿಸುವ ಬದಲು ನದಿಯೂರುಗಳ ರೇಡಿಯೋದಲ್ಲಿ ಓದಿಸುತ್ತಿದ್ದೇನೆ. ನಿಮ್ಮ ಕಚೇರಿಗೆ ಬಂದ ಕಾಗದವೂ ಯಾವುದೋ ಕಪಾಟು ಸೇರುತ್ತದೆಂದು ನನಗೆ ಅನುಮಾನ.

ನಿಮ್ಮ ಆದೇಶಕ್ಕೆ ಕಾರಣವಾದ ಪುಸ್ತಕ ನಮ್ಮ ಮನೆಯಲ್ಲಿದ್ದದ್ದು. ಆದ್ದರಿಂದ ಮಾತನಾಡುವ ಹಕ್ಕು ನನಗಿದೆ. ಮೂರನೇ ತರಗತಿಯ ನನ್ನ ಮಗಳು ನೆಯ್ಲಿ ಅದನ್ನು ನೀರು ತಾಗದಂತೆ ಅಂಗಿಯೊಳಗೆ ಇಟ್ಟುಕೊಂಡು ಶಾಲೆಯಿಂದ ದೋಣಿಯಲ್ಲಿ ತಂದಳು. ಪ್ರವಾಹದಲ್ಲಿ ತಾಯಿಯನ್ನು ಕಳೆದುಕೊಂಡ ನೀರುನಾಯಿ ಮರಿಯ ಕಥೆ ಅದು. ನನ್ನ ಅತ್ತೆ ಎದೆಲ್ಮಿರಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಮನೆಯನ್ನೆಲ್ಲ ನೋಡಿದರು. ಮಾನ್ಯರೇ, ನಮ್ಮದು ಮರಾನ್ಯೋನ್ ನದಿಯ ದಡದಲ್ಲಿ ಕಂಬಗಳ ಮೇಲೆ ನಿಂತ ಮನೆ. ಮೇಲೆ ತಾಳೆಗರಿ, ಅಲ್ಲಲ್ಲಿ ಸೋರುತ್ತದೆ. ಕೆಳಗೆ ಕೋಳಿ. ನಡುವೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ನನ್ನ ಚಿಕ್ಕ ಮಗ. ಅತ್ತೆ ಕೊನೆಗೆ ಒಲೆಯ ಮೇಲೆ ಹಗ್ಗದಲ್ಲಿ ತೂಗುವ ನೆಲವಿನಲ್ಲಿ ಪುಸ್ತಕವಿಟ್ಟರು. ಮುಂದಿನ ಬಿತ್ತನೆಯ ಮೆಕ್ಕೆಜೋಳವನ್ನು ನಾವು ಕಟ್ಟುವುದೂ ಅದರ ಪಕ್ಕದಲ್ಲೇ. ಹೊಗೆಗೆ ಹುಳ ಬರುವುದಿಲ್ಲ, ತೇವ ಹಿಡಿಯುವುದಿಲ್ಲ. ಕಳೆದುಕೊಂಡರೆ ವರ್ಷವೇ ಕೆಡುತ್ತದೆ ಎನ್ನುವಂಥ ವಸ್ತುಗಳಿಗೆ ಮಾತ್ರ ಅಲ್ಲಿ ಜಾಗ. ಇದನ್ನು ನೀವು ಆರೈಕೆ ಇಲ್ಲದಿರುವುದು ಎನ್ನುತ್ತೀರಿ.

ಪುಸ್ತಕ ಕಾಯುವುದರಲ್ಲಿ ಅತ್ತೆ ನಿಮಗಿಂತ ಬಿಗಿ. ಸಂಜೆ ಊಟವಾದ ಮೇಲೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ತಪಾಸಣೆ ನಿಮ್ಮ ಇಲಾಖೆಯಲ್ಲಿ ನಡೆದರೆ ಅರ್ಧ ಜನಕ್ಕೆ ಕೆಲಸ ಇರಲಾರದು.

“ಕೈ ತೊಳ್ದ್ಯಾ?”

“ತೊಳ್ದೆ ಅಜ್ಜಿ.”

“ಎಲ್ಲಿ, ತಾ ಇಲ್ಲಿ. ಇನ್ನೂ ಮೀನಿನ ವಾಸ್ನೆ ಇದೆ. ಹೋಗು, ಉಜ್ಜಿ ತೊಳ್ಕೊಂಡ್ ಬಾ.”

“ಅಜ್ಜಿ, ಪುಸ್ತಕದ ತುಂಬ ಮೀನೇ ಇದೆ. ಅದಕ್ಕೇನೂ ಆಗಲ್ಲ.”

“ಬಾಯಿ ನೋಡು ಇವಳದ್ದು. ಅದು ಬರೆದಿರೋ ಮೀನು. ತೊಳ್ಕೊಂಡ್ ಬಾ ಅಂದ್ರೆ ತೊಳ್ಕೊಂಡ್ ಬರ್ಬೇಕು.”

ಆಮೇಲೆ ನೆಲವಿನಿಂದ ಪುಸ್ತಕ ಇಳಿಯುತ್ತಿತ್ತು. ಪ್ರತಿ ಸಂಜೆ ಇಳಿಯುತ್ತಿತ್ತು, ಮಾನ್ಯರೇ. ನಿಮ್ಮ ಕಾವಲಿಗೂ ಅತ್ತೆಯ ಕಾವಲಿಗೂ ಇರುವ ವ್ಯತ್ಯಾಸ ಇಷ್ಟೇ. ಅಕ್ಷರ ಬಾರದ ಅತ್ತೆಗೆ ನೆಯ್ಲಿ ತಡವರಿಸುತ್ತ, ಒಂದೊಂದು ಪದವನ್ನು ಬೆರಳಿಂದ ಹಿಡಿದು ಓದುತ್ತಿದ್ದಳು. ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ಅಜ್ಜಿಯ ಮುಂದೆ ನೀರುನಾಯಿಯ ದನಿ ಮಾಡುತ್ತಿದ್ದಳು. ನನಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ, ಪಾತ್ರೆ ತೊಳೆಯುವ ನೆಪದಲ್ಲಿ ಅಲ್ಲೇ ಕೂತಿರುತ್ತಿದ್ದೆ.

ಅರ್ಧ ಕಥೆಯಾಗಿತ್ತು. ಅಷ್ಟರಲ್ಲಿ ನಿಮ್ಮ ತಪಾಸಣಾಧಿಕಾರಿಗಳ ಮೋಟಾರು ದೋಣಿ ಬಂತು. ಎಲ್ಲ ಪುಸ್ತಕಗಳನ್ನೂ ಶಾಲೆಗೆ ತರಿಸಿದರು. ನಮ್ಮದನ್ನು ತೆರೆದು ಮೂಗಿನ ಹತ್ತಿರ ಹಿಡಿದು, ನೆಯ್ಲಿಯನ್ನು ನೋಡಿ, “ಏನಮ್ಮಾ, ಇದರಲ್ಲಿ ಮೀನು ಸುಟ್ರಾ?” ಎಂದರು. ಮಕ್ಕಳು ನಕ್ಕರು. ನೆಯ್ಲಿ ನಗಲಿಲ್ಲ. ಪುಟಗಳು ಹಳದಿಯಾಗಿದ್ದವು, ಒಂದು ಮೂಲೆಗೆ ಮಸಿ ಹತ್ತಿತ್ತು, ಒಪ್ಪುತ್ತೇನೆ. ಹೊಸ ಪುಸ್ತಕದಂತೆ ಕಾಣುತ್ತಿರಲಿಲ್ಲ. ಆದರೆ ಹರಿದ ಪುಟ ಒಂದೂ ಇರಲಿಲ್ಲ. ಅಧಿಕಾರಿಗಳು ಅದನ್ನು ನೋಡಲಿಲ್ಲ, ಮೂಸಿದ್ದೇ ಅವರಿಗೆ ಸಾಕಾಯಿತು.

ಈಗ ಬೀಗದ ಕೈ ಮೇಷ್ಟ್ರ ಹತ್ತಿರ ಇದೆ. ಮೇಷ್ಟ್ರು ಸಂಬಳ ತರಲು ಪೇಟೆಗೆ ಹೋದರೆ ದೋಣಿ ಸಿಗುವವರೆಗೆ ವಾಪಸಾಗುವುದಿಲ್ಲ, ಬೀಗದ ಕೈಯೂ ಅವರ ಜೇಬಿನಲ್ಲಿ ಪೇಟೆ ಸುತ್ತುತ್ತದೆ. ಅವರನ್ನು ದೂರುವುದಿಲ್ಲ. ಒಂದು ಪುಟ ಮಾಸಿದರೂ ತಮ್ಮ ತಲೆಗೇ ಬರುತ್ತದೆಂದು ಅವರಿಗೆ ಹೆದರಿಕೆ. ಹೀಗೆ ನೀವು ಅವರನ್ನು ಹೆದರಿಸಿದ್ದೀರಿ, ಅವರು ಮಕ್ಕಳನ್ನು ಗದರಿಸುತ್ತಾರೆ. ಕಪಾಟಿನಲ್ಲಿ ಪುಸ್ತಕಗಳು ಮಾತ್ರ ಹಾಯಾಗಿವೆ. ಯಾರೂ ಮುಟ್ಟದ ಪುಸ್ತಕವೇ ಒಳ್ಳೆಯ ಪುಸ್ತಕ ಎನ್ನುವುದಾದರೆ ಅದನ್ನು ಅಷ್ಟು ದೂರದಿಂದ ನಮ್ಮೂರಿಗೆ ಕಳುಹಿಸಿದ್ದೇಕೆ? ನಿಮ್ಮ ಕಚೇರಿಯಲ್ಲೇ ಇಟ್ಟುಕೊಂಡಿದ್ದರೆ ದೋಣಿಯ ಎಣ್ಣೆಯಾದರೂ ಉಳಿಯುತ್ತಿತ್ತು.

ಕೆಲವು ದಿನ ನೆಯ್ಲಿ ಉಳಿದ ಕಥೆಯನ್ನು ತಾನೇ ಕಟ್ಟಿ ಹೇಳಿದಳು. ಅತ್ತೆಯನ್ನು ಏಮಾರಿಸುವುದು ಸುಲಭವಲ್ಲ.

“ಅಲ್ವೇ, ನಿನ್ನೆ ಆ ಮೊಸಳೆ ಸತ್ತೋಯ್ತು ಅಂದೆ. ಇವತ್ತು ಮತ್ತೆ ಎಲ್ಲಿಂದ ಬಂತು?”

“ಪುಸ್ತಕ ಬೀಗದೊಳಗಿದೆ ಅಜ್ಜಿ. ಸತ್ತಿದ್ಯೋ ಇಲ್ವೋ ಯಾರ್ ನೋಡಿದಾರೆ?”

“ಮೊಸಳೆ ಹಾಳಾಗಿ ಹೋಗ್ಲಿ. ಮರಿಗೆ ಅಮ್ಮ ಸಿಕ್ತಾ ಇಲ್ವಾ, ಅದನ್ನ ಹೇಳು.”

ಅಂದಿನಿಂದ ನೆಯ್ಲಿ ಕಥೆ ಹೇಳುವುದನ್ನೇ ಬಿಟ್ಟಳು. ಮೊನ್ನೆ ಉಪ್ಪಿನ ಪೊಟ್ಟಣ ಕೊಟ್ಟು ಓದಮ್ಮಾ ಎಂದೆ. ಮೊದಲ ಪದದಲ್ಲೇ ನಿಂತು, “ನಂಗ್ ಬರಲ್ಲ” ಎಂದು ಎದ್ದು ಹೋದಳು. ಮಸಿ ಹತ್ತಿದ ಮೂಲೆಯನ್ನು ನಿಮ್ಮವರು ಬರೆದುಕೊಂಡು ಹೋದರಲ್ಲ, ಇದನ್ನು ಬರೆದುಕೊಳ್ಳುವವರು ಯಾರು? ನನಗೆ ಭಯವಾಗುತ್ತಿದೆ, ಮಾನ್ಯರೇ.

ನದಿ ಇಳಿದಿದೆ, ದಡದ ಮರಳಿನಲ್ಲಿ ಬಿತ್ತನೆ ಶುರುವಾಗಿದೆ. ಒಲೆಯ ಮೇಲಿನ ಜೋಳವನ್ನೆಲ್ಲ ಇಳಿಸಿಕೊಂಡೆವು. ಪುಸ್ತಕದ ನೆಲವು ಖಾಲಿ ಇದೆಯಲ್ಲ ಎಂದು ನಾನು ಅದರಲ್ಲಿ ಉಪ್ಪುಮೀನು ಇಡಲು ಹೋದೆ. ಅತ್ತೆ ತಲೆಯೆತ್ತಲೂ ಇಲ್ಲ. “ತೆಗಿ ಅದನ್ನ. ವಾಸ್ನೆ ಹಿಡ್ಕೊಳ್ಳತ್ತೆ. ಅದು ಬಂದ್ರೆ ಎಲ್ಲಿಡೋದು?” ಎಂದರು.

ನನ್ನ ಬೇಡಿಕೆ ದೊಡ್ಡದಲ್ಲ. ಆ ಆದೇಶವನ್ನು ಬಾಗಿಲಿನಿಂದ ಕೀಳಿಸಿ. ಪುಸ್ತಕಗಳನ್ನು ಮಕ್ಕಳ ಜೊತೆ ಮನೆಗೆ ಕಳುಹಿಸಿ. ಅವು ವಾಪಸು ಬರುವಾಗ ಹೊಗೆಯ ವಾಸನೆ ಇರುತ್ತದೆ, ಅದನ್ನು ಸಹಿಸಿಕೊಳ್ಳಿ. ಅಷ್ಟು ಮಾಡಲಾಗದಿದ್ದರೆ, ಕಪಾಟು ತೆರೆಸಿ ಕೊನೆಯ ಪುಟವನ್ನಾದರೂ ಓದಿ, ಮರಿಗೆ ತಾಯಿ ಸಿಕ್ಕಿತೇ ಎಂಬುದನ್ನು ಇದೇ ರೇಡಿಯೋದಲ್ಲಿ ನೀವೇ ಹೇಳಿ. ಸಂಜೆ ಊಟವಾದ ಮೇಲೆ ಹೇಳಿ, ನಮ್ಮತ್ತೆ ಕೇಳುತ್ತಿರುತ್ತಾರೆ. ಪುಸ್ತಕ ಮುಟ್ಟುವ ಮೊದಲು ಕೈ ತೊಳೆದುಕೊಳ್ಳಿ.

ಇಂತಿ,
ಆರೈಕೆ ಗೊತ್ತಿಲ್ಲದ ಮನೆಯ ಸೊಸೆ,
ಓರ್ಫೆಲಿಂದಾ ಮುರಾಯಾರಿ
ಪುಯೆರ್ತೊ ಎಲ್ವಿರಾ