ಕೋರ್ಟಿನ ಮುಂದಿನ ಬೆಂಚು

ಮೇಯರ್ ಕ್ರೆಬ್ಸ್ ಅವರಿಗೆ,

ಊರಿನ ಪರಿಚಯ ಪುಸ್ತಿಕೆ ತಲುಪಿತು. ಮುಖಪುಟದಲ್ಲಿ ನಮ್ಮ ಕೌಂಟಿ ಕೋರ್ಟು ಚೆನ್ನಾಗಿ ಬಂದಿದೆ. ಆ ಫೋಟೋಗೆಂದು ತೆಗೆಸಿದ ಹಳೇ ಬೆಂಚನ್ನು ಮಾತ್ರ ನೀವು ಇನ್ನೂ ವಾಪಸ್ ಹಾಕಿಸಿಲ್ಲ. ಇದು ನನ್ನ ಮೂರನೆಯ ಪತ್ರ.

ನನ್ನ ಗಂಡ ಡೆಲ್ಮರ್‌ಗೆ ಮರೆವಿನ ಕಾಯಿಲೆ. ಆದರೂ ದಿನಾ ಆ ಬೆಂಚಿನ ಮೇಲೆ ಮರದ ತುಂಡು ಕೆತ್ತುತ್ತಾ ಕೂತು, ಕೋರ್ಟಿನ ಗಡಿಯಾರ ಹನ್ನೆರಡು ಹೊಡೆದಾಗ ಊಟಕ್ಕೆ ಬರುತ್ತಿದ್ದರು. ಮೊನ್ನೆ ಬೆಂಚಿಲ್ಲದ ಕೋರ್ಟಿನ ಗುರುತೇ ಸಿಗದೆ, ಬೆಂಚು ಹುಡುಕುತ್ತಾ ರೈಲು ಹಳಿಯವರೆಗೆ ಹೋಗಿಬಿಟ್ಟಿದ್ದರು. ಕರೆತಂದ ಶೆರಿಫ್ ಎದುರಿಗೇ, "ಲಿಯೋಟಾ, ಯಾರೋ ಕೋರ್ಟನ್ನೇ ಕದ್ದುಬಿಟ್ಟಿದಾರೆ ಕಣೇ! ಇವನೇನು ಕತ್ತೆ ಕಾಯ್ತಿದ್ನಾ?" ಎಂದರು.

"ಈ ಊರಲ್ಲಿ ಯಾರೂ ದಾರಿ ತಪ್ಪುವುದಿಲ್ಲ" ಎಂದು ಪುಸ್ತಿಕೆಯಲ್ಲಿದೆ. ನಾಳೆಯಿಂದ ನಮ್ಮ ಅಡುಗೆಮನೆಯ ಕುರ್ಚಿಯನ್ನೇ ಹೊತ್ತು ತಂದು ಬೆಂಚಿದ್ದ ಜಾಗದಲ್ಲಿ ಹಾಕುತ್ತೇನೆ. ಅದನ್ನಾದರೂ ತೆಗೆಸಬೇಡಿ.

ಇತಿ,
ಲಿಯೋಟಾ ಹಾರ್ಟ್‌ಸಾಕ್